ನೀರಿನ ಗೆರೆಯ ಮೇಲಿನ ಕಬ್ಬಿಣ: ಶುದ್ಧೀಕರಣ ಕೇಂದ್ರದ ಟಾಕಿಗೆ ತುಕ್ಕು ಹಿಡಿಯದಂತೆ ಸರಳು ಕಟ್ಟುವ ಬಗೆ

ಹನ್ನೊಂದು ವರ್ಷದ ಹಿಂದೆ ಠಾಣೆ ಖಾಡಿಯ (ಸಮುದ್ರದ ನೀರು ಒಳಬರುವ ಅಳಿವೆಯ) ಹತ್ತಿರದ ಒಂದು ನೀರು ಶುದ್ಧೀಕರಣ ಕೇಂದ್ರದಲ್ಲಿ ದುರಸ್ತಿಗೆಂದು ಖಾಲಿ ಮಾಡಿದ್ದ ಶುದ್ಧನೀರಿನ ಟಾಕಿಗೆ ಇಳಿದಿದ್ದೆ. ಕೈಯಲ್ಲಿ ಅರ್ಧ ಕಿಲೋ ಸುತ್ತಿಗೆ, ತಲೆಯ ಮೇಲೆ ಟಾರ್ಚ್. ಗೋಡೆಯ ಕೆಳಭಾಗ, ಅಂದರೆ ವರ್ಷಗಟ್ಟಲೆ ನೀರಲ್ಲಿ ಮುಳುಗಿದ್ದ ಜಾಗಕ್ಕೆ ಬಡಿದರೆ ಠಣ್ ಠಣ್ ಅಂತ ಗಟ್ಟಿ ಸದ್ದು. ಏಣಿ ಹತ್ತಿ ಚಾವಣಿ ಸ್ಲ್ಯಾಬಿನ ಅಡಿಗೆ ಬಡಿದಾಗ ಡೊಬ್ ಅಂದಿತು. ಇನ್ನೊಂದು ಏಟಿಗೆ ಊಟದ ತಟ್ಟೆಯಷ್ಟಗಲದ ಕಾಂಕ್ರೀಟ್ ಪದರ ಕಳಚಿ ಕೆಳಗೆ ಬಿತ್ತು. ಒಳಗಿದ್ದ 12 ಎಂಎಂ ಸರಳು ಹಳೆಯ ಪುಸ್ತಕದ ಹಾಳೆಗಳ ಹಾಗೆ ಪದರ ಪದರವಾಗಿ ಉಬ್ಬಿತ್ತು. ಬಿದ್ದ ಚೂರನ್ನು ಕೈಗೆತ್ತಿಕೊಂಡು ದಪ್ಪ ಅಳೆದೆ. 18 ಎಂಎಂ. ನಕ್ಷೆಯಲ್ಲಿ ಬರೆದಿದ್ದ ಕವರ್, ಅಂದರೆ ಸರಳಿನ ಹೊರಗೆ ಇರಬೇಕಾದ ಕಾಂಕ್ರೀಟಿನ ದಪ್ಪ, 45.

ನನ್ನ ಜೊತೆ ಇಳಿದಿದ್ದ ಇಂಡಿ ತಾಲ್ಲೂಕಿನ ಮುಕಾದಮ ತಲೆ ಎತ್ತಿ ನೋಡುತ್ತ ಕೇಳಿದ: “ಅಕ್ಕಾರ, ನೀರಾಗ ಮುಳುಗಿದ್ದಕ್ಕ ಜಂಗ ಹಿಡಿಬೇಕಾಗಿತ್ತಲ್ರಿ? ಮ್ಯಾಲ ಒಣಗಿದ್ದಕ್ಕ ಯಾಕ ಹಿಡದೈತಿ?”

ಆ ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಈ ಕೆಲಸದ ಅರ್ಧ ಗೊತ್ತಿದ್ದಂತೆ.

ನಾನು ವಿಜಯಪುರದಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿ 1999ರಲ್ಲಿ ಡೊಂಬಿವಲಿಗೆ ಬಂದವಳು. ಅಂದಿನಿಂದ ಮುಂಬೈ, ಠಾಣೆ ಸೈಟುಗಳಲ್ಲಿ ಗುಣಮಟ್ಟ ನೋಡುವ ಕೆಲಸ. ಇಂಡಿ, ಸಿಂದಗಿ, ಅಫಜಲಪುರ ಕಡೆಯ ಫಿಟ್ಟರ್ ಗ್ಯಾಂಗುಗಳು ಎಲ್ಲ ಸೈಟಿನಲ್ಲೂ ಸಿಗುತ್ತವೆ. ನಮ್ಮ ಮಾತೆಲ್ಲ ಕನ್ನಡದಲ್ಲೇ. ಮುಂಬೈಯಲ್ಲಿ ಈಗ ನೀರಿನ ಕೆಲಸಕ್ಕೆ ಕೊರತೆಯಿಲ್ಲ. ಭಾಂಡುಪದ ಹಳೆಯ ಕೇಂದ್ರವೊಂದರ ಸಾಮರ್ಥ್ಯವೇ ದಿನಕ್ಕೆ 191 ಕೋಟಿ ಲೀಟರ್. 2023ರ ಜನವರಿ 19ರಂದು ವರ್ಳಿ, ಬಾಂದ್ರಾ, ಮಲಾಡ, ಘಾಟ್ಕೋಪರ್, ಧಾರಾವಿ, ವರ್ಸೋವಾ, ಭಾಂಡುಪಗಳ ಏಳು ಕೊಳಚೆ ನೀರು ಶುದ್ಧೀಕರಣ ಕೇಂದ್ರಗಳಿಗೆ ಶಂಕುಸ್ಥಾಪನೆಯಾಯಿತು. ಏಳೂ ಸೇರಿ ದಿನಕ್ಕೆ ಸುಮಾರು 246 ಕೋಟಿ ಲೀಟರ್. ಸಮುದ್ರದ ಗಾಳಿಯಲ್ಲಿ ಇಷ್ಟು ಕಬ್ಬಿಣ ಕಟ್ಟುವ ಕೈಗಳಲ್ಲಿ ನಮ್ಮ ಕಡೆಯವೂ ಬೇಕಾದಷ್ಟಿವೆ. ಅವರಿಗಾಗಿ, ಅವರ ಜೊತೆ ನಿಲ್ಲುವ ಹೊಸ ಎಂಜಿನಿಯರ್ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಕ್ಷೆಯ ಮೇಲೆ ನೀರಿನ ಗೆರೆ

ಒಳ್ಳೆಯ ಕಾಂಕ್ರೀಟ್ ಬಲವಾದ ಕ್ಷಾರ. ಅದರ ಪಿಎಚ್ 12.5ರಿಂದ 13ರ ಆಸುಪಾಸು ಇರುತ್ತದೆ. ಆ ಕ್ಷಾರದಲ್ಲಿ ಸರಳಿನ ಮೈಮೇಲೆ ಕಣ್ಣಿಗೆ ಕಾಣದ ತೆಳುವಾದ ಪೊರೆ ಕಟ್ಟಿಕೊಳ್ಳುತ್ತದೆ. ಅದು ಇರುವತನಕ ತುಕ್ಕಿಲ್ಲ. ಪೊರೆ ಒಡೆಯುವುದು ಎರಡು ದಾರಿಯಲ್ಲಿ. ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗಿಳಿದು ಕ್ಷಾರವನ್ನು ಕಡಿಮೆ ಮಾಡುತ್ತದೆ, ಇಲ್ಲವೇ ಕ್ಲೋರೈಡ್ ನೇರವಾಗಿ ಬಂದು ಪೊರೆಯನ್ನು ತೂತು ಮಾಡುತ್ತದೆ. ಪೊರೆ ಒಡೆದ ಮೇಲೂ ತುಕ್ಕು ಬೆಳೆಯಲು ತೇವ ಮತ್ತು ಆಮ್ಲಜನಕ ಎರಡೂ ಬೇಕು. ಸದಾ ಮುಳುಗಿರುವ ಗೋಡೆಯಲ್ಲಿ ತೇವ ಬೇಕಾದಷ್ಟಿದೆ, ಆಮ್ಲಜನಕ ಮಾತ್ರ ಬಲು ಕಡಿಮೆ. ಚಾವಣಿಯ ಅಡಿಯಲ್ಲಿ ಎರಡಕ್ಕೂ ಬರವಿಲ್ಲ. ಕ್ಲೋರಿನ್ ಹಾಕಿದ ನೀರಿನಿಂದ ಏಳುವ ಆವಿ ತಣ್ಣನೆಯ ಸ್ಲ್ಯಾಬಿಗೆ ತಾಗಿ ಹನಿಗಟ್ಟುತ್ತದೆ, ಒಣಗುತ್ತದೆ, ಮತ್ತೆ ಹನಿಗಟ್ಟುತ್ತದೆ. ಪ್ರತಿ ಸಲವೂ ಒಂದಿಷ್ಟು ಕ್ಲೋರೈಡನ್ನು ಅಲ್ಲೇ ಬಿಟ್ಟುಹೋಗುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುವುದರಿಂದ ಒಳಗಿನಿಂದಲೇ ಕಾಂಕ್ರೀಟನ್ನು ಒಡೆದುಹಾಕುತ್ತದೆ. ಮುಕಾದಮನಿಗೆ ಅಂದು ಇಷ್ಟನ್ನೇ ಹೇಳಿದ್ದೆ.

ಆದ್ದರಿಂದ ಸರಳು ಆರ್ಡರ್ ಮಾಡುವ ಮೊದಲು ಟಾಕಿಯ ಸೀಳುನಕ್ಷೆಯನ್ನು ಮೇಜಿನ ಮೇಲೆ ಹರಡಿ, ಎರಡು ಬಣ್ಣದ ಪೆನ್ಸಿಲ್ ಹಿಡಿದು ಕೂಡಿ. ಯಾವಾಗಲೂ ಮುಳುಗಿರುವ ಭಾಗಕ್ಕೆ ನೀಲಿ. ನೀರು ಏರಿಳಿಯುವ ಪಟ್ಟಿ, ಅದರ ಮೇಲಿನ ಗೋಡೆ, ಚಾವಣಿಯ ಅಡಿ, ಮ್ಯಾನ್‌ಹೋಲಿನ ಸುತ್ತು, ಇವಕ್ಕೆಲ್ಲ ಕೆಂಪು. ಫಿಲ್ಟರ್ ತೊಟ್ಟಿ ಬ್ಯಾಕ್‌ವಾಶ್ (ನೀರನ್ನು ಹಿಮ್ಮುಖ ಹರಿಸಿ ತೊಳೆಯುವುದು) ಆದಾಗಲೆಲ್ಲ ಒದ್ದೆಯಾಗಿ ಒಣಗುವುದರಿಂದ ಅದರ ಕಾಲುವೆ, ಗೋಡೆಯ ತಲೆಗೂ ಕೆಂಪೇ. ನೀರಿನ ಕೆಸರು ಇಳಿಸಲು ಹಾಕುವ ಆಲಂ ಕರಗಿಸುವ ತೊಟ್ಟಿಯದು ಬೇರೆ ಲೆಕ್ಕ: ಆಲಂ ದ್ರಾವಣವೇ ಆಮ್ಲ, ಜೊತೆಗೆ ಸಲ್ಫೇಟು. ಕೊಳಚೆ ನೀರಿನ ಕೇಂದ್ರವಾದರೆ ಮುಚ್ಚಿದ ಚೇಂಬರುಗಳ ನೆತ್ತಿಗೆ ಎರಡು ಸಲ ಕೆಂಪು ಬಳಿಯಿರಿ. ಅಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಮೇಲೇರುತ್ತದೆ, ನೀರಿನ ಮೇಲಿನ ತೇವದ ಗೋಡೆಯಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಸಲ್ಫ್ಯೂರಿಕ್ ಆಮ್ಲ ಮಾಡುತ್ತವೆ. ಅಂಥಲ್ಲಿ ಸರಳು ಎಷ್ಟೇ ಒಳ್ಳೆಯದಿರಲಿ, ಕಾಂಕ್ರೀಟೇ ಕರಗುವುದರಿಂದ ಒಳಗೆ ಲೈನಿಂಗ್ ಬೇಕೇ ಬೇಕು.

ಕೋಡ್ (‘ಐಎಸ್’ ಎಂಬ ಭಾರತೀಯ ಮಾನಕ) ಕೂಡ ಇದನ್ನೇ ಹೇಳುತ್ತದೆ, ಓದುವವರು ಕಡಿಮೆ ಅಷ್ಟೆ. ಐಎಸ್ 3370 ನೀರು ಹಿಡಿಯುವ ಭಾಗವನ್ನಷ್ಟೇ ಅಲ್ಲದೆ ನೀರಿನ ಮೇಲಿನ ಖಾಲಿ ಜಾಗವನ್ನು ಮುಚ್ಚುವ ಭಾಗವನ್ನೂ ‘ಸಿವಿಯರ್’ (ಕಠಿಣ ಪರಿಸರ) ಎಂದೇ ಎಣಿಸುತ್ತದೆ. ಐಎಸ್ 456:2000ರ ಪ್ರಕಾರ ಸಿವಿಯರ್ ಅಂದರೆ ಕನಿಷ್ಠ ಎಂ30 ಬಲದರ್ಜೆಯ ಕಾಂಕ್ರೀಟ್, ನೀರು-ಸಿಮೆಂಟ್ ಪ್ರಮಾಣ 0.45 ದಾಟಬಾರದು, ಕವರ್ 45 ಎಂಎಂ. ಅದೇ ಪಟ್ಟಿಯಲ್ಲಿ ಒಂದು ಸಾಲು ಕೆಳಗೆ ‘ವೆರಿ ಸಿವಿಯರ್’ ಇದೆ. ಅದರ ವಿವರಣೆಯಲ್ಲಿ ಸಮುದ್ರದ ಉಪ್ಪುನೀರಿನ ಸಿಂಚನದ ಜೊತೆಗೆ ಕೊರೆಯುವ ಆವಿಯೂ ಸೇರಿದೆ. ನೀರಿಗೆ ಕ್ಲೋರಿನ್ ಬೆರೆಯುವ ಕಾಂಟ್ಯಾಕ್ಟ್ ಟಾಕಿಯ ಚಾವಣಿಯನ್ನು ನಾನು ಈ ಸಾಲಿಗೇ ಸೇರಿಸಿ ಡಿಸೈನರ್ ಹತ್ತಿರ ವಾದ ಮಾಡುತ್ತೇನೆ: ಎಂ35, ಕವರ್ 50. ಆಲಂ ತೊಟ್ಟಿಗೆ ‘ಎಕ್ಸ್‌ಟ್ರೀಮ್’: ಎಂ40, ಪ್ರಮಾಣ 0.40, ಕವರ್ 75.

ಯಾವ ಭಾಗಕ್ಕೆ ಯಾವ ಸರಳು

ನೀಲಿ ಭಾಗಕ್ಕೆ ಐಎಸ್ 1786ರ ಸಾಮಾನ್ಯ ಫೆ 500ಡಿ ಸರಳೇ ಸಾಕು. ಕಾಂಕ್ರೀಟ್ ಸರಿಯಾಗಿದ್ದು ಕವರ್ ಪೂರ್ತಿ ಸಿಕ್ಕರೆ ಅದು ನಿಶ್ಚಿಂತೆಯಾಗಿ ಬಾಳುತ್ತದೆ. ಇಡೀ ಟಾಕಿಗೆ ದುಬಾರಿ ಸರಳು ಹಾಕಲು ಹೊರಟು, ದುಡ್ಡು ಸಾಲದೆ ಕೊನೆಗೆ ಚಾವಣಿಯ ಹೊತ್ತಿಗೆ ಕೈಬಿಡುವುದನ್ನು ನೋಡಿದ್ದೇನೆ. ಅದು ತಿರುವುಮುರುವು. ದುಡ್ಡು ಕೆಂಪು ಭಾಗಕ್ಕೆ ಹೋಗಬೇಕು.

ತಾಮ್ರ, ಕ್ರೋಮಿಯಂ ಬೆರೆಸಿದ ಸಿಆರ್‌ಎಸ್ (ತುಕ್ಕು ತಾಳುವ) ಸರಳಿಗೆ ಬೆಲೆ ಸ್ವಲ್ಪವೇ ಹೆಚ್ಚು, ಕಟ್ಟುವ ರೀತಿ ಸಾಮಾನ್ಯ ಸರಳಿನದೇ. ತುಕ್ಕನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ಗ್ಯಾಲ್ವನೈಸ್ ಸರಳಿನಲ್ಲಿ ಸತುವು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಕ್ಷಾರ ಇಳಿಯುವ ತೊಂದರೆಗೆ ಒಳ್ಳೆಯ ಮದ್ದು, ಕ್ಲೋರೈಡ್ ಜಾಸ್ತಿಯಿದ್ದಲ್ಲಿ ಕೆಲವು ವರ್ಷಗಳ ಅವಕಾಶವಷ್ಟೇ. ಅದನ್ನು ಲೇಪವಿಲ್ಲದ ಕಪ್ಪು ಸರಳಿಗೆ ತಾಗಿಸಿ ಕಟ್ಟಿದರೆ ಸತುವು ಪಕ್ಕದವನಿಗಾಗಿಯೂ ಸವೆದು ಬೇಗ ಮುಗಿಯುತ್ತದೆ.

ಸ್ಟೇನ್‌ಲೆಸ್ ಸರಳು ಎಲ್ಲಕ್ಕಿಂತ ಗಟ್ಟಿ, ಹಲವು ಪಟ್ಟು ದುಬಾರಿ. ಮೆಕ್ಸಿಕೋದ ಪ್ರೊಗ್ರೆಸೋ ಬಂದರಿನ ಕಟ್ಟೆ 1941ರ ಹೊತ್ತಿಗೆ ಸ್ಟೇನ್‌ಲೆಸ್ ಸರಳಿನಲ್ಲಿ ಕಟ್ಟಿದ್ದು, ಸಮುದ್ರದಲ್ಲೇ ನಿಂತು ದಶಕಗಟ್ಟಲೆ ಬಾಳಿದೆ. ಅದರ ಪಕ್ಕದಲ್ಲೇ ಆಮೇಲೆ ಸಾಮಾನ್ಯ ಸರಳಿನಲ್ಲಿ ಕಟ್ಟಿದ ಕಟ್ಟೆ ನೀರುಪಾಲಾಗಿದೆ. ನಮ್ಮಲ್ಲಿ ಇದಕ್ಕೆ ಐಎಸ್ 16651 ಇದೆ. ಇಡೀ ಸ್ಲ್ಯಾಬಿಗೆ ಆಗದಿದ್ದರೂ ಮ್ಯಾನ್‌ಹೋಲಿನ ಸುತ್ತು, ಗೇಟು ಕೂರುವ ಜಾಗದಂಥ ಕಡೆ ನಾಲ್ಕು ಸರಳು ಸ್ಟೇನ್‌ಲೆಸ್ ಹಾಕಿಸಿಕೊಳ್ಳಿ.

ಗಾಜಿನ ನಾರಿನ ಸರಳಿಗೆ, ಅಂದರೆ ಜಿಎಫ್‌ಆರ್‌ಪಿಗೆ, 2023ರಲ್ಲಿ ಐಎಸ್ 18256 ಬಂತು. ತುಕ್ಕು ಎಂಬ ಮಾತೇ ಇಲ್ಲ, ತೂಕ ಕಬ್ಬಿಣದ ಕಾಲು ಭಾಗ, ಒಬ್ಬನೇ ಒಂದು ಕಟ್ಟು ಹೊತ್ತು ಹೋಗಬಹುದು. ಆದರೆ ಕಬ್ಬಿಣದ ಬದಲಿಗೆ ಅಷ್ಟೇ ದಪ್ಪದ್ದನ್ನು ಹಾಕಿ ಮುಗಿಸುವ ಹಾಗಿಲ್ಲ. ಭಾರ ಬಿದ್ದಾಗ ಅದು ಕಬ್ಬಿಣಕ್ಕಿಂತ ಎಷ್ಟೋ ಹೆಚ್ಚು ಹಿಗ್ಗುವುದರಿಂದ ಬಿರುಕು ಅಗಲವಾಗುತ್ತದೆ. ನೀರಿನ ಟಾಕಿಯಲ್ಲಿ ಬಿರುಕು 0.2 ಎಂಎಂ ದಾಟಬಾರದು. ಡಿಸೈನ್ ಹೊಸದಾಗಿಯೇ ಆಗಬೇಕು. ಸೈಟಿನಲ್ಲಿ ಚಾವಿ ಹಾಕಿ ಬಗ್ಗಿಸಲು ಬರುವುದಿಲ್ಲ, ಬಾಗು ಕಾರ್ಖಾನೆಯಿಂದಲೇ ಬರಬೇಕು. ಕಾಂಕ್ರೀಟ್ ಸುರಿಯುವಾಗ ಹಗುರಾದ್ದರಿಂದ ಮೇಲೆ ತೇಲಲು ನೋಡುತ್ತದೆ, ಕೆಳಕ್ಕೆ ಬಿಗಿದು ಕಟ್ಟಿ. ಆಲಂ ತೊಟ್ಟಿಗೆ ಇದು ನನ್ನ ಮೊದಲ ಆಯ್ಕೆ.

ಹಸಿರು ಸರಳನ್ನು ಹಿಡಿಯುವ ರೀತಿ

ಸೈಟಿನಲ್ಲಿ ಹೆಚ್ಚಾಗಿ ಸಿಗುವುದು ಎಪಾಕ್ಸಿ ಲೇಪದ ಹಸಿರು ಸರಳು. ಕಾರ್ಖಾನೆಯಲ್ಲಿ ಸರಳಿನ ಮೈ ಉಜ್ಜಿ ಸ್ವಚ್ಛ ಮಾಡಿ, ಕಾಯಿಸಿ, ಅದರ ಮೇಲೆ ಪುಡಿ ಸಿಂಪಡಿಸಿ ಕರಗಿಸಿದ ಲೇಪ ಅದು. ಐಎಸ್ 13620ರ ಪ್ರಕಾರ ದಪ್ಪ 0.1ರಿಂದ 0.3 ಎಂಎಂ. ಪೋಸ್ಟ್‌ಕಾರ್ಡಿನಷ್ಟು ತೆಳು. ಆ ಲೇಪಕ್ಕೊಂದು ಗೀರು ಬಿತ್ತೆಂದರೆ ಇಡೀ ಸರಳಿನ ತುಕ್ಕು ಆ ಗೀರಿನಲ್ಲೇ ಕೂಡಿ ಆಳಕ್ಕೆ ಕೊರೆಯುತ್ತದೆ. ಅಮೆರಿಕದ ಫ್ಲೋರಿಡಾ ಕೀಸ್ ಸೇತುವೆಗಳಲ್ಲಿ ಹತ್ತು ವರ್ಷ ತುಂಬುವ ಮೊದಲೇ, 1986ರಲ್ಲಿ, ಎಪಾಕ್ಸಿ ಸರಳು ತುಕ್ಕು ಹಿಡಿದದ್ದು ಗೊತ್ತಾದ ಮೇಲೆ ಜಗತ್ತೆಲ್ಲ ಈ ಸರಳನ್ನು ಎಚ್ಚರದಿಂದ ನೋಡುತ್ತಿದೆ.

ನನ್ನ ಮೊದಲ ಎಪಾಕ್ಸಿ ಕೆಲಸದಲ್ಲಿ ಲಾರಿಯಿಂದ ಇಳಿಸುವಾಗ ನಾನು ಆಫೀಸಿನಲ್ಲಿ ಟೆಸ್ಟ್ ಸರ್ಟಿಫಿಕೇಟ್ ನೋಡುತ್ತಿದ್ದೆ. ಹೊರಗೆ ಬರುವಷ್ಟರಲ್ಲಿ ಕ್ರೇನಿನವರು ಕಬ್ಬಿಣದ ಸರಪಳಿ ಕಟ್ಟಿ ಇಳಿಸಿಬಿಟ್ಟಿದ್ದರು. ಪ್ರತಿ ಕಟ್ಟಿನ ಎರಡೂ ಕಡೆ ಸರಪಳಿಯ ಕೊಂಡಿಗಳ ಅಚ್ಚು, ಅಚ್ಚಿನೊಳಗೆ ಬೆಳ್ಳಗೆ ಹೊಳೆಯುವ ಕಬ್ಬಿಣ. ಸರ್ಟಿಫಿಕೇಟಿನಲ್ಲಿ ಎಲ್ಲವೂ ಸರಿಯಿತ್ತು. ಆ ಕಟ್ಟುಗಳ ಹೊರ ಸಾಲಿನ ಸರಳುಗಳನ್ನೆಲ್ಲ ಬೇರೆ ಮಾಡಿಸಿ ವಾಪಸು ಕಳಿಸಿದೆ, ನಾಲ್ಕು ದಿನ ಕೆಲಸ ನಿಂತಿತು. ಅಂದಿನಿಂದ ಲಾರಿ ಬಂದಾಗ ನಾನು ಲಾರಿಯ ಪಕ್ಕದಲ್ಲೇ ನಿಲ್ಲುತ್ತೇನೆ, ಕಾಗದ ಆಮೇಲೆ.

ಇಳಿಸಲು ನೈಲಾನ್ ಪಟ್ಟಿಯನ್ನೇ ಬಳಸಿ. 12 ಮೀಟರ್ ಉದ್ದದ 16 ಎಂಎಂ ಸರಳು ಒಂದೇ ಸುಮಾರು 19 ಕಿಲೋ. ಕಟ್ಟನ್ನು ಎರಡೇ ಕಡೆ ಹಿಡಿದರೆ ನಡು ಜೋತು ಸರಳುಗಳು ಒಂದಕ್ಕೊಂದು ಉಜ್ಜುತ್ತವೆ. ಉದ್ದನೆಯ ಪೈಪಿಗೆ ನಾಲ್ಕೈದು ಕಡೆ ಕಟ್ಟಿ ಎತ್ತಿ. ಕೆಳಗೆ ಮರದ ದಿಮ್ಮಿ ಹಾಸಿ, ಮೇಲೆ ಕಪ್ಪು ತಾಡಪತ್ರಿ ಹೊದಿಸಿ, ಏಕೆಂದರೆ ಬಿಸಿಲಿಗೆ ಲೇಪ ಬಣ್ಣಗೆಟ್ಟು ಪೆಡಸಾಗುತ್ತದೆ. ಹೊದಿಕೆಯ ಅಡಿ ಗಾಳಿ ಆಡಲಿ. ಹೊರುವಾಗ ನಾಲ್ಕು ಜನ ಎತ್ತಿ ಹೊರಬೇಕು, ನೆಲದ ಮೇಲೆ ಎಳೆಯಬಾರದು. ಬಗ್ಗಿಸುವ ಮೇಜಿನ ಪಿನ್ನಿಗೆ ನೈಲಾನ್ ತೋಳು ಹಾಕಿಸಿ, ನಿಧಾನಕ್ಕೆ ಬಗ್ಗಿಸಿ. ಬಾಗಿನ ಹೊರಮೈಯಲ್ಲಿ ಕೂದಲೆಳೆಯ ಬಿರುಕು ಬಂದಿದೆಯೇ ಅಂತ ಪ್ರತಿ ಬಾಗನ್ನೂ ಬೆರಳಾಡಿಸಿ ನೋಡಿ. ಗ್ಯಾಸ್ ಕಟಿಂಗ್ ಬೇಡವೇ ಬೇಡ. ಕತ್ತರಿಸಿದ ತುದಿಗೆ, ಸಣ್ಣ ಗೀರಿಗೆ ಸರಳಿನ ತಯಾರಕರೇ ಕೊಡುವ ಎರಡು ಡಬ್ಬಿಯ ಎಪಾಕ್ಸಿಯನ್ನು ಅದೇ ದಿನ ಹಚ್ಚಿ. ಒಂದು ಅಡಿ ಉದ್ದದಲ್ಲಿ ಮೈಯ ನೂರಕ್ಕೆ ಒಂದು ಭಾಗಕ್ಕಿಂತ ಜಾಸ್ತಿ ಗೀರಿದ್ದರೆ ನಾನು ಆ ಸರಳನ್ನು ತೇಪೆ ಹಚ್ಚಿ ಒಪ್ಪುವುದಿಲ್ಲ.

ಲೇಪದ ಮೈ ನುಣುಪು, ಕಾಂಕ್ರೀಟಿನ ಹಿಡಿತ ಸ್ವಲ್ಪ ಕಡಿಮೆ. ಆದ್ದರಿಂದ ಲ್ಯಾಪ್ ಉದ್ದ, ಅಂದರೆ ಎರಡು ಸರಳು ಜೋಡಿಸುವಲ್ಲಿ ಒಂದರ ಪಕ್ಕ ಒಂದು ಸಾಗುವ ಉದ್ದ, ಹೆಚ್ಚಬೇಕು. ಅಮೆರಿಕದ ಎಸಿಐ ಕೋಡ್ ಕವರ್ ಮತ್ತು ಅಂತರ ನೋಡಿ 1.2 ಅಥವಾ 1.5 ಪಟ್ಟು ಕೇಳುತ್ತದೆ. ಹಳೆಯ ಬಾರ್ ಪಟ್ಟಿಯನ್ನೇ ಇಟ್ಟುಕೊಂಡು ಬಣ್ಣ ಮಾತ್ರ ಹಸಿರು ಮಾಡಿದ್ದರೆ ಡಿಸೈನರಿಗೆ ವಾಪಸು ಕೊಡಿ. ಒಂದೇ ಸ್ಲ್ಯಾಬಿನಲ್ಲಿ ಹಸಿರು, ಕಪ್ಪು ಬೆರೆಸಬೇಡಿ. ಕಟ್ಟುವ ತಂತಿಗೂ ಪ್ಲಾಸ್ಟಿಕ್ ಲೇಪ ಇರಲಿ.

ಕವರ್

ಸರಳು ಯಾವುದೇ ಇರಲಿ, ಟಾಕಿಯ ಆಯುಷ್ಯ ನಿಂತಿರುವುದು ಈ 45-50 ಎಂಎಂ ಮೇಲೆ. ಚಾವಣಿಯ ಅಡಿಯ ಆ 18 ಎಂಎಂ ಚೂರನ್ನು ನಾನು ಇವತ್ತಿಗೂ ಸೈಟ್ ಚೀಲದಲ್ಲಿ ಇಟ್ಟುಕೊಂಡಿದ್ದೇನೆ, ಹೊಸ ಗ್ಯಾಂಗಿಗೆ ತೋರಿಸಲು.

ಕವರ್ ಎಲ್ಲಿ ಕಳೆದುಹೋಗುತ್ತದೆ ಅಂತ ಹತ್ತಿರದಿಂದ ನೋಡಿದ್ದನ್ನು ಹೇಳುತ್ತೇನೆ. ರಾತ್ರಿ ಹನ್ನೊಂದು, ಮೂರು ಮಿಕ್ಸರ್ ಲಾರಿ ಗೇಟಿನಲ್ಲಿ ಸಾಲುಗಟ್ಟಿವೆ, ಸರಳನ್ನು ಶಟರಿಂಗಿನಿಂದ ದೂರ ಇಡುವ ಕವರ್ ಬ್ಲಾಕ್ ಮುಗಿದಿವೆ. ಆಗ ಫಿಟ್ಟರ್ ಬಗ್ಗಿ ಕಾಲಬುಡದ ಜಲ್ಲಿಕಡಿ ಎತ್ತಿ ಸರಳಿನ ಅಡಿಗೆ ತುರುಕುತ್ತಾನೆ. ಕಡಿಯ ದಪ್ಪ 20 ಎಂಎಂ. ವೈಬ್ರೇಟರ್ ಹಾಕಿದೊಡನೆ ಅದೂ ಜಾರುತ್ತದೆ, ಸರಳು ಶಟರಿಂಗ್ ಪ್ಲೈಗೆ ಒರಗಿ ಕೂರುತ್ತದೆ. ಹುಡುಗನ ತಪ್ಪೇನೂ ಇಲ್ಲ, ಸಂಜೆ ಐದಕ್ಕೇ ಬ್ಲಾಕ್ ಎಣಿಸದ ನಮ್ಮ ತಪ್ಪು. ನಾನೀಗ ಲೆಕ್ಕಕ್ಕಿಂತ ಕಾಲು ಭಾಗ ಜಾಸ್ತಿ ಬ್ಲಾಕ್ ತರಿಸದೆ ಮಿಕ್ಸರ್ ಆರ್ಡರಿಗೆ ಸಹಿ ಹಾಕುವುದಿಲ್ಲ.

ಬ್ಲಾಕ್ ಟಾಕಿಯ ಕಾಂಕ್ರೀಟಿನಷ್ಟೇ ಗಟ್ಟಿ ಕಾಂಕ್ರೀಟಿನದಾಗಿರಲಿ. ಸೈಟಿನಲ್ಲಿ ಉಳಿದ ಗಾರೆಯಲ್ಲಿ ಮಾಡಿದ ಬ್ಲಾಕ್ ಸ್ಪಂಜಿನ ಹಾಗೆ ನೀರು ಹೀರಿ ನೇರ ಸರಳಿಗೆ ದಾರಿ ತೋರಿಸುತ್ತದೆ. ಪ್ಲಾಸ್ಟಿಕ್ ಬ್ಲಾಕ್ ಸುತ್ತ ಕಾಂಕ್ರೀಟ್ ಅಂಟದೆ ಸಣ್ಣ ಸಂದು ಉಳಿಯುವುದರಿಂದ ನೀರಿನ ಗೋಡೆಗೆ ನಾನು ಬಿಡುವುದಿಲ್ಲ. ಕವರ್ ಅಳೆಯುವುದು ಎಲ್ಲಕ್ಕಿಂತ ಹೊರಗಿನ ಸರಳಿನಿಂದ, ರಿಂಗ್ ಇದ್ದರೆ ರಿಂಗಿನ ಹೊರಮೈಯಿಂದ. ಮೀಟರಿಗೊಂದರಂತೆ ಹಾಕಿ, ಚಾವಣಿಯಲ್ಲಿ ಜನ ಓಡಾಡುವ ದಾರಿಗೆ ಅದರ ಎರಡರಷ್ಟು. ಐಎಸ್ 456 ಕವರ್ 10 ಎಂಎಂ ಜಾಸ್ತಿಯಾದರೆ ಒಪ್ಪುತ್ತದೆ, ಕಡಿಮೆಯಾಗುವುದಕ್ಕೆ ಸೊನ್ನೆ ರಿಯಾಯಿತಿ.

ಇನ್ನು ತಂತಿಯ ಬಾಲ. ಹುಕ್ ತಿರುಗಿಸಿ ಗಂಟು ಬಿಗಿದ ಮೇಲೆ ತಂತಿಯ ಎರಡು ತುದಿ ಮೀಸೆಯ ಹಾಗೆ ಹೊರಗೆ ಚಾಚಿರುತ್ತವೆ. 45 ಎಂಎಂ ಕವರಿನಲ್ಲಿ 30 ಎಂಎಂ ಬಾಲ ಹೊರಗೆ ಬಂದರೆ ತುಕ್ಕಿಗೆ ಉಳಿದ ದಾರಿ 15 ಎಂಎಂ ಮಾತ್ರ. ಶಟರಿಂಗ್ ಬಿಚ್ಚಿದ ಕೆಲವೇ ವಾರದಲ್ಲಿ ಗೋಡೆಯ ಮೇಲೆ ಕಂದು ಚುಕ್ಕೆ ಸಾಲಾಗಿ ಮೂಡಿದ್ದನ್ನು ಕಂಡಿರಾದರೆ ಅವು ಈ ಬಾಲಗಳೇ. ಗಂಟು ಬಿಗಿದ ಕೈಯಲ್ಲೇ ಹುಕ್ಕಿನ ಮೂತಿಯಿಂದ ಬಾಲವನ್ನು ಒಳಕ್ಕೆ ಒತ್ತಬೇಕು. ಒಂದು ಗಂಟಿಗೆ ಅರೆ ಕ್ಷಣದ ಕೆಲಸ. ಅಫಜಲಪುರದ ಒಬ್ಬ ಹಿರಿಯ ಫಿಟ್ಟರ್ ಕಾಕಾ ಕಣ್ಣು ಮುಚ್ಚಿ ಇದನ್ನು ಮಾಡುತ್ತಿದ್ದರು. ಅವರ ಗ್ಯಾಂಗ್ ಕಟ್ಟಿದ ಗೋಡೆಯಲ್ಲಿ ನನಗೆ ಒಂದು ಚುಕ್ಕೆಯೂ ಸಿಗಲಿಲ್ಲ.

ಮಳೆಗಾಲಕ್ಕೆ ಕೆಲಸ ನಿಂತು ಜೂನಿನಿಂದ ಸೆಪ್ಟೆಂಬರ್ ತನಕ ಮುಂದಿನ ಹಂತಕ್ಕೆ ಜೋಡಿಸಲು ಮೇಲೆ ಚಾಚಿ ಬಿಟ್ಟ ಡೌವೆಲ್ ಸರಳುಗಳು ಖಾಡಿಯ ಗಾಳಿಗೆ ಒಡ್ಡಿಕೊಂಡಿರುತ್ತವೆ. ಹಸಿರು ಸರಳಿಗೆ ಕಪ್ಪು ಪ್ಲಾಸ್ಟಿಕ್ ಸುತ್ತಿ. ಕಪ್ಪು ಸರಳಾದರೆ ಮತ್ತೆ ಕೆಲಸ ಶುರು ಮಾಡುವಾಗ ತಂತಿ ಬ್ರಶ್ಶಿನಿಂದ ಸಡಿಲ ತುಕ್ಕು, ಹಕ್ಕಳೆ ಎದ್ದ ಸಿಮೆಂಟ್ ಪಾಕ ಎರಡನ್ನೂ ಉಜ್ಜಿ, ಸಿಹಿನೀರಿನ ಒತ್ತಡದಲ್ಲಿ ತೊಳೆಯಿರಿ. ಮೈಮೇಲೆ ಕೂತ ಉಪ್ಪು ಬ್ರಶ್ಶಿಗೆ ಹೋಗುವುದಿಲ್ಲ, ನೀರಿಗೇ ಹೋಗಬೇಕು.

ಸುರಿಯುವುದು, ಕ್ಯೂರಿಂಗ್, ಪರೀಕ್ಷೆ

ಸಮುದ್ರದ ಕಡೆಯ ಕೆಲಸಕ್ಕೆ ಸ್ಲ್ಯಾಗ್ (ಕಬ್ಬಿಣದ ಕುಲುಮೆಯ ಕಿಟ್ಟದ ಪುಡಿ) ಬೆರೆಸಿದ ಕಾಂಕ್ರೀಟನ್ನೇ ಕೇಳಿ, ಅದರೊಳಗೆ ಕ್ಲೋರೈಡ್ ಬಹಳ ನಿಧಾನ ನುಸುಳುತ್ತದೆ. ಟ್ರಯಲ್ ಮಿಕ್ಸಿನಲ್ಲೇ ಕ್ಲೋರೈಡ್ ಎಷ್ಟು ನುಸುಳುತ್ತದೆಂದು ಹೇಳುವ ಆರ್‌ಸಿಪಿಟಿ ಪರೀಕ್ಷೆ ಮಾಡಿಸಿ. 1000 ಕೂಲಂಬಿಗಿಂತ ಕೆಳಗೆ ಬಂದರೆ ನನಗೆ ಸಮಾಧಾನ. ಎಪಾಕ್ಸಿ ಸರಳಿದ್ದರೆ ವೈಬ್ರೇಟರ್ ಸೂಜಿಗೆ ರಬ್ಬರ್ ತಲೆ ಇರಲಿ, ಕಬ್ಬಿಣದ ಸೂಜಿ ಎರಡೇ ನಿಮಿಷದಲ್ಲಿ ಲೇಪ ಕೆರೆದು ತೆಗೆಯುತ್ತದೆ.

ನೀರಿನ ವಿಷಯದಲ್ಲಿ ಮೋಸಹೋಗಬೇಡಿ. ಮೇ ತಿಂಗಳಲ್ಲಿ ಟ್ಯಾಂಕರ್ ನೀರು ಎಲ್ಲಿಯದು ಅಂತ ಚಾಲಕನಿಗೂ ಗೊತ್ತಿರುವುದಿಲ್ಲ. ಒಂದು ಗಾಜಿನ ಲೋಟದಲ್ಲಿ ಟ್ಯಾಂಕರ್ ನೀರು, ಇನ್ನೊಂದರಲ್ಲಿ ಪಾಲಿಕೆಯ ನಲ್ಲಿ ನೀರು ಹಿಡಿದು ಕ್ಲೋರೈಡ್ ಪತ್ತೆಗೆ ಎರಡಕ್ಕೂ ಸಿಲ್ವರ್ ನೈಟ್ರೇಟಿನ ನಾಲ್ಕು ಹನಿ ಹಾಕುತ್ತೇನೆ. ನಲ್ಲಿ ನೀರು ತುಸು ಮಬ್ಬಾಗುತ್ತದೆ. ಒಮ್ಮೆ ಟ್ಯಾಂಕರಿನದು ಮಜ್ಜಿಗೆಯ ಹಾಗೆ ಬೆಳ್ಳಗಾಗಿತ್ತು. ಖಾಡಿ ಪಕ್ಕದ ಬೋರಿನ ನೀರು. ಲ್ಯಾಬಿಗೆ ಕಳಿಸಿದ ಮೇಲೆ ಸರಳಿರುವ ಕಾಂಕ್ರೀಟಿಗೆ ಇರುವ ಲೀಟರಿಗೆ 500 ಮಿಲಿಗ್ರಾಂ ಕ್ಲೋರೈಡಿನ ಮಿತಿಯನ್ನು ಎಲ್ಲೋ ದಾಟಿತ್ತು. ಕ್ಯೂರಿಂಗಿಗೂ ಅದೇ ಕಟ್ಟುನಿಟ್ಟು. ಸ್ಲ್ಯಾಗ್ ಕಾಂಕ್ರೀಟಿಗೆ 14 ದಿನ ಒದ್ದೆ ಗೋಣಿ ಬೇಕು, ಅದರಲ್ಲೂ ಚಾವಣಿಯ ಅಡಿ ಶಟರಿಂಗ್ ಬಿಚ್ಚಿದ ಮೇಲೆ ಎಲ್ಲರೂ ಮರೆಯುವ ಜಾಗ. ಕವರಿನ ಹೊರ ಪದರ ಒಣಗಿ ಸಡಿಲವಾದರೆ 50 ಎಂಎಂ ಕೊಟ್ಟರೂ ಅದು 30ರ ಕೆಲಸ ಮಾಡುತ್ತದೆ.

ನೀರು ತುಂಬಿ ನೋಡುವ ಪರೀಕ್ಷೆ ಸೋರಿಕೆಯನ್ನು ಮಾತ್ರ ಹೇಳುತ್ತದೆ: ತುಂಬಿ ಏಳು ದಿನ ಬಿಟ್ಟು, ಮುಂದಿನ ಏಳು ದಿನ ದಿನಕ್ಕೊಮ್ಮೆ ಮಟ್ಟ ಬರೆದಿಡುವುದು. ಅದಕ್ಕೂ ಮೊದಲು, ಒಳಗೆ ಮಚಾನು ಇನ್ನೂ ನಿಂತಿರುವಾಗಲೇ ಕಾಂಕ್ರೀಟ್ ಒಡೆಯದೆ ಕವರ್ ಅಳೆಯುವ ಕವರ್ ಮೀಟರ್ ಹಿಡಿದು ಚಾವಣಿಯ ಅಡಿಯನ್ನು ಮೀಟರಿಗೊಂದು ಚೌಕದಂತೆ ಅಳೆಯಿರಿ. ಗುತ್ತಿಗೆದಾರರು ಗೋಡೆ ಅಳೆದು ತೋರಿಸುತ್ತಾರೆ, ನೀವು ಚಾವಣಿ ಕೇಳಿ. ಕಡಿಮೆ ಬಂದ ಚೌಕಗಳಿಗೆ ಕುಡಿಯುವ ನೀರಿಗೆ ಒಪ್ಪಿಗೆ ಇರುವ ಲೇಪವನ್ನು ಆಗಲೇ ಹಚ್ಚಿಸಿ. ಟಾಕಿ ತುಂಬಿ ಊರಿಗೆ ನೀರು ಬಿಟ್ಟ ಮೇಲೆ ಖಾಲಿ ಮಾಡಿ ಅಂದರೆ ಯಾರೂ ಮಾಡುವುದಿಲ್ಲ.

ಚಾವಣಿಯ ಎದುರುಬದುರು ಮೂಲೆಗಳಲ್ಲಿ ಗಾಳಿಗೊಳವೆ ಇದ್ದು ಜಾಲರಿ ಕಟ್ಟಿಕೊಂಡಿಲ್ಲದಿದ್ದರೆ ಆವಿ ಒಳಗೇ ಉಳಿಯುವುದಿಲ್ಲ. ಮೊದಲ ಬಾರಿ ಟಾಕಿ ತೊಳೆಯಲು ಖಾಲಿ ಮಾಡಿದಾಗ ಗಾಳಿ ಪರೀಕ್ಷೆ ಮಾಡಿ, ಹೊರಗೊಬ್ಬರನ್ನು ಹಗ್ಗ ಹಿಡಿದು ನಿಲ್ಲಿಸಿ, ಆಮೇಲೆ ಇಳಿಯಿರಿ. ಕವರ್ ಮೀಟರಿನ ಅಳತೆ ಬರೆದ ಚಾವಣಿಯ ನಕ್ಷೆಯ ಒಂದು ಪ್ರತಿ ಆಪರೇಟರ್ ಕೋಣೆಯ ಗೋಡೆಯ ಮೇಲೆ ಲ್ಯಾಮಿನೇಟ್ ಆಗಿ ತೂಗುತ್ತಿರಲಿ. ಅತಿ ಕಡಿಮೆ ಅಂಕಿಯಿರುವ ಚೌಕ ಯಾವುದೆಂದು ಅದರಲ್ಲಿ ನೋಡಿಕೊಂಡು, ಸುತ್ತಿಗೆಯನ್ನು ಮೊದಲು ಅಲ್ಲಿಗೆ ಬಡಿಯಿರಿ.